ಮುಯ್ಯಿ, ಚೀಟಿ, ಸಂಘ, ಕಂತು: ನಮ್ಮ ಕಡೆ ಹೆಂಗಸರ ದುಡ್ಡಿನ ಕತೆ

ಹೋದ ತಿಂಗಳು ಒಂದಿನ ಬೈಗುಹೊತ್ನಲ್ಲಿ ನಮ್ಮಣ್ಣನ ಮಗಳು ಮಳವಳ್ಳಿ ಕಡೆಯಿಂದ ಫೋನ್ ಮಾಡಿದ್ಲು. "ಅತ್ತೆ, ನಮ್ಮ ಬೀದೀಲಿ ನಾಕು ಜನ ಸೇರವ್ರೆ, ಇನ್ನೊಬ್ಳು ಬೇಕಂತೆ. ನಾನು ಸೈನ್ ಹಾಕುದ್ರೆ ಐದು ಜನಕ್ಕೂ ಸಾಲ ಸಿಕ್ತದಂತೆ. ನಂಗೇನೂ ಈಗ ದುಡ್ಡು ಬೇಕಾಗಿಲ್ಲ, ಆದ್ರೂವೆ ಬಾ ಬಾ ಅಂತ ಕರೀತಾವ್ರೆ. ಹಾಕ್ಲಾ, ಬ್ಯಾಡ್ವಾ?" ಅಂದ್ಲು.

"ನಾಳೆ ಹೇಳ್ತೀನಿ ಇರು ಮೊಗ" ಅಂತ ಫೋನ್ ಇಟ್ಟೆ. ಆ ರಾತ್ರಿ ನಿದ್ದೆ ಬರ್ಲಿಲ್ಲ. ಹೂಂ ಅನ್ನೋಕೂ ಬಾಯಿ ಬರ್ಲಿಲ್ಲ, ಬ್ಯಾಡ ಅನ್ನೋಕೂ ಬರ್ಲಿಲ್ಲ. ನಮ್ಮ ಕೊಟ್ಟಿಗೆಗೆ ಮೊದಲನೇ ಹಸು ಬಂದಿದ್ದು ಸಂಘದ ದುಡ್ಡಲ್ಲಿ. ಇನ್ನೊಂದು ಗುಂಪಿನ ದೆಸೆಯಿಂದ ನಾನು ಮಾಡಿದ ಒಂದು ಕೆಲಸ ನೆನಸ್ಕೊಂಡ್ರೆ ಇವತ್ತಿಗೂ ಮುಖ ಸಣ್ಣಗಾಯ್ತದೆ. ಎರಡೂ ಕಂಡಿರೋಳು ನಾನು, ಒಂದೇ ಮಾತಲ್ಲಿ ಅವಳಿಗೆ ಏನು ಹೇಳ್ಲಿ? ಅದಕ್ಕೇ ಇದೆಲ್ಲಾ ಎಲ್ಲಿಂದ ಶುರುವಾಯ್ತು ಅಂತ ಹಿಂದಕ್ಕೆ ಹೋಗಿ ಯೋಚನೆ ಮಾಡ್ದೆ. ಅದನ್ನೇ ಇಲ್ಲಿ ಬರೀತಾ ಇದೀನಿ.

ಮೊದಲು ಇದ್ದಿದ್ದು ಮುಯ್ಯಿ

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮದುವೆಗೆ ಹೋದೋರಿಗೆಲ್ಲ ಗೊತ್ತು. ಚಪ್ಪರದ ಪಕ್ಕ ಒಬ್ರು ಪುಸ್ತಕ ಪೆನ್ನು ಹಿಡ್ಕೊಂಡು ಕೂತಿರ್ತಾರೆ. ಬಂದೋರ ಹೆಸರು, ಊರು, ಎಷ್ಟು ಮುಯ್ಯಿ ಹಾಕಿದ್ರು ಅಂತ ಬರ್ಕೋತಾರೆ. ಮದುವೆ ಮುಗಿದ ಮೇಲೆ ಆ ಪುಸ್ತಕ ಟ್ರಂಕ್ ಸೇರ್ತದೆ. ಅವರ ಮನೇಲಿ ಮದುವೆ ಆದಾಗ ತೆಗೆದು ನೋಡಿ, ನೂರೊಂದು ಹಾಕಿದ್ರೆ ನೂರೈವತ್ತೊಂದು ಹಾಕ್ಬೇಕು. ಹಿಂದೆ ದುಡ್ಡಿನ ಜೊತೆಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚೂ ಬತ್ತಿದ್ದೊ. ನಮ್ಮವ್ವನಿಗೆ ಅಕ್ಷರ ಬತ್ತಿರಲಿಲ್ಲ. ಆದ್ರೆ ಯಾರ ಮನೆಗೆ ಎಷ್ಟು ಮುಯ್ಯಿ ತೀರಿಸ್ಬೇಕು ಅನ್ನೋದು ಪುಸ್ತಕ ತೆಗೆಯೋದಕ್ಕೆ ಮೊದಲೇ ಅವಳ ಬಾಯಲ್ಲಿ ಇರ್ತಿತ್ತು.

ಗದ್ದೇಲೂ ಹಂಗೇಯ. ನಾಟಿ ಹಾಕುವಾಗ, ಕುಯ್ಲು ಮಾಡುವಾಗ ಮುಯ್ಯಾಳು ಹೋಗೋದು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಕೊಡಂಗಿಲ್ಲ, ತಿರುಗಿ ಹೋಗ್ಬೇಕು ಅಷ್ಟೆ.

ಬಡ್ಡಿ ಅನ್ನೋ ಮಾತಿಲ್ದೇ ಇದ್ರೂ ಇದು ಸಾಲವೇ. ಆದ್ರೆ ಮುಯ್ಯಿ ಬರೋದು ಮದುವೆ ಮನೆಗೆ, ಕಾಯಿಲೆ ಮನೆಗಲ್ಲ. ನೆಂಟರು, ಕುಲಸ್ಥರ ಒಳಗೇ ಅದು ಸುತ್ತೋದು. ಕೂಲಿ ಮಾಡ್ಕೊಂಡು ಊರ ಹೊರಗೆ ಇದ್ದೋರಿಗೆ ನಮ್ಮೋರ ಮುಯ್ಯಿ ಪುಸ್ತಕದಲ್ಲಿ ಜಾಗ ಇರಲಿಲ್ಲ. ತಿರುಗಿ ಹಾಕೋಕೆ ಆಗದೇ ಇದ್ದೋರು ಮದುವೆಗೇ ಬರ್ದೆ ತಪ್ಪಿಸ್ಕೋತಿದ್ರು. ಹಳೇದೆಲ್ಲ ಚೆಂದ ಅಂತ ನಾನೇನೂ ಹೇಳಲ್ಲ.

ನೀರು ಬಂತು, ದುಡ್ಡು ವರ್ಷಕ್ಕೊಂದ್ಸಲ ಬಂತು

ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೀತು. ಇರ್ವಿನ್ ನಾಲೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆ, ನಮ್ಮ ಸೀಮೆಗೆ ನೀರು ತಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆಯ್ತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ ಆಯ್ತು. ರಾಗಿ, ಹುರುಳಿ ಬೆಳೀತಿದ್ದ ಹೊಲಗಳು ಕಬ್ಬು ಭತ್ತದ ಗದ್ದೆ ಆದೊ.

ಇದನ್ನ ಎಲ್ಲಾ ಪುಸ್ತಕದಲ್ಲೂ ಬರೆದವ್ರೆ. ಆದ್ರೆ ಅಡುಗೆಮನೆ ಕಡೆಯಿಂದ ನೋಡುದ್ರೆ ಬೇರೆ ಒಂದು ಕಾಣ್ತದೆ. ಕಬ್ಬು ಕಡಿಯೋಕೆ ಹತ್ತತ್ರ ಒಂದು ವರ್ಷ ಬೇಕು. ಕಾರ್ಖಾನೆಗೆ ಹಾಕಿದ ಮೇಲೂ ಬಿಲ್ಲು ಬರೋಕೆ ಕಾಯ್ಬೇಕು. ಖರ್ಚು ಮಾತ್ರ ಒತ್ತಾರೆ ಎದ್ರೆ ಇದ್ದಿದ್ದೇ: ಉಪ್ಪು, ಎಣ್ಣೆ, ಮಗೀಗೆ ಔಷಧಿ, ಸ್ಕೂಲಿನ ಫೀಸು. ನಾಲೆ ಕೊನೆ ಭಾಗದ ಊರುಗಳಲ್ಲಿ, ನಮ್ಮ ಮಳವಳ್ಳಿ ಕಡೆ ಬೆದ್ದಲು ಹೊಲದೋರಲ್ಲಿ, ಆ ವರ್ಷಕ್ಕೊಂದ್ಸಲದ ದುಡ್ಡೂ ಗ್ಯಾರಂಟಿ ಇರಲಿಲ್ಲ. ಈ ಎಡೆಯಲ್ಲಿ ಬಂದು ಕೂತೋನೇ ಸಾಹುಕಾರ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿ. 5,000 ಈಸ್ಕೊಂಡ್ರೆ ತಿಂಗಳಿಗೆ 250, ವರ್ಷಕ್ಕೆ 3,000 ಬರೀ ಬಡ್ಡಿ. ಅಸಲು ಹಂಗೇ ಇರ್ತಿತ್ತು. ಓಲೆ, ಸರ ಗಿರವಿಗೆ ಹೋಗ್ತಿದ್ದೊ. ಅದೂ ಮುಗಿದ ಮೇಲೆ ಗದ್ದೆ ಭೋಗ್ಯಕ್ಕೆ. ನಮ್ಮದೇ ಗದ್ದೇಲಿ ನಾವೇ ಕೂಲಿಗೆ ಹೋಗಿದ್ದನ್ನ ನಮ್ಮವ್ವ ಹೇಳ್ಕೊಂಡು ಅಳ್ತಿದ್ಲು.

ಸರ್ಕಾರದೋರು ಸುಮ್ನೆ ಇರಲಿಲ್ಲ. ಸಹಕಾರ ಸಂಘದ ಕಾಯಿದೆ 1904ರಲ್ಲೇ ಬಂತು. 1905ರಲ್ಲಿ ಗದಗದ ಹತ್ರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನ ಸೇರಿಸಿ ಪತ್ತಿನ ಸಂಘ ಕಟ್ಟಿದ್ರು. ಅದೇ ವರ್ಷ ನಮ್ಮ ಮೈಸೂರು ಸಂಸ್ಥಾನದಲ್ಲೂ ಸಹಕಾರ ಸಂಘದ ಕಾನೂನು ಆಯ್ತು. ಹಂಗೆ ಊರೂರಿಗೆ ಸೊಸೈಟಿ ಬಂದೊ, ಗೊಬ್ಬರ ಬಂತು, ಬೆಳೆಸಾಲ ಬಂತು. ಆದ್ರೆ ಸಾಲ ಬೇಕಂದ್ರೆ ಪಹಣಿ ತತ್ತಾ ಅಂತಿದ್ರು. ಪಹಣಿ ಇದ್ದಿದ್ದು ಗಂಡಸರ ಹೆಸರಲ್ಲಿ. ಮನೇಲಿ ದುಡ್ಡಿಗೆ ಒದ್ದಾಡೋಳು ಹೆಂಗಸು, ಸೊಸೈಟಿ ಮೆಟ್ಟಿಲು ಹತ್ತೋನು ಗಂಡಸು.

ಚೀಟಿ

ಹಂಗಾಗಿ ಹೆಂಗಸರು ತಮ್ಮ ದಾರಿ ತಾವು ನೋಡ್ಕೊಂಡ್ರು. ಸಾಸಿವೆ ಡಬ್ಬಿ ಕಾಸು ಚೀಟಿಗೆ ಹೋಯ್ತು. ಚೀಟೀಲಿ ಎಷ್ಟು ತರ! ಪಾತ್ರೆ ಚೀಟಿ, ಸೀರೆ ಚೀಟಿ, ಚಿನ್ನದ ಚೀಟಿ. ಯುಗಾದಿ ಮಾರನೆ ದಿನ ಹೊಸತೊಡಕಿಗೆ ಬಾಡಿನ ಚೀಟಿ. ತಿಂಗಳಾ ತಿಂಗಳಾ ದುಡ್ಡು ಹಾಕಿ, ಕೊನೆಗೆ ಮರಿ ತಂದು ಕುಯ್ದು ಗುಡ್ಡೆ ಬಾಡು ಹಂಚ್ಕೊಳ್ಳೋದು. ಹಬ್ಬದ ದಿನ ಯಾವ ಮನೇಲೂ ಒಲೆ ಮೇಲೆ ಬರೀ ಉಪ್ಸಾರು ಇರಬಾರದು ಅನ್ನೋದೇ ಅದರ ಲೆಕ್ಕ.

ದುಡ್ಡಿನ ಚೀಟೀಲಿ ಎರಡು ತರ. ಲಾಟರಿ ಚೀಟೀಲಿ ಹೆಸರು ಬರೆದು ಸುತ್ತಿ ಲೋಟಕ್ಕೆ ಹಾಕಿ, ಒಂದು ಮಗೀ ಕೈಲಿ ಎತ್ತಿಸೋದು. ಹರಾಜು ಚೀಟೀಲಿ ಕೂಗೋದು. 20 ಜನ ತಿಂಗಳಿಗೆ 500 ಹಾಕಿದ್ರೆ 10,000. ಯಾರಿಗೋ ಅರ್ಜೆಂಟು, ಅವರು 2,000 ಬಿಟ್ಟು ಕೂಗಿದ್ರು ಅನ್ನಿ. ಅವರಿಗೆ ಸಿಗೋದು 8,000. ಬಿಟ್ಟ 2,000ದಲ್ಲಿ ಚೀಟಿ ನಡೆಸೋರ ಕಮಿಷನ್ 500 ಹೋದ್ರೆ ಉಳಿದ 1,500 ಇಪ್ಪತ್ತು ಜನಕ್ಕೆ 75ರಂತೆ ಹಂಚಿಕೆ. ಆ ತಿಂಗಳು ಎಲ್ರೂ 425 ಕಟ್ಟಿದ್ರೆ ಸಾಕು. ಅರ್ಜೆಂಟು ಇದ್ದೋರಿಗೆ ಸಾಲ ಆಯ್ತು, ಕೊನೇವರೆಗೂ ಕಾದೋರಿಗೆ ಉಳಿತಾಯ ಆಯ್ತು. ಬ್ಯಾಂಕು ಮಾಡೋ ಕೆಲಸವನ್ನೇ ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಮಾಡ್ತಿದ್ರು. ಕೇರಳದಲ್ಲಿ ಇದನ್ನೇ ಕುರಿ ಅಂತಾರೆ, ಉತ್ತರ ಕರ್ನಾಟಕದ ಕಡೆ ಭಿಶಿ ಅಂತಾರೆ.

ಇದರಲ್ಲಿ ಇರೋ ಭಯ ಒಂದೇ, ಚೀಟಿ ನಡೆಸೋರು ಓಡಿ ಹೋಗೋದು. ಚೀಟಿ ನಿಧಿ ಕಾಯಿದೆ ಅಂತ 1982ರಲ್ಲೇ ಆಯ್ತು. ನೋಂದಣಿ ಮಾಡಿಸ್ಬೇಕು, ಕಮಿಷನ್ ನೂರಕ್ಕೆ ಐದು ಮೀರಬಾರದು ಅಂತಿತ್ತು. 2019ರಲ್ಲಿ ಅದನ್ನ ಏಳಕ್ಕೆ ಏರಿಸಿದ್ರು. ಆದ್ರೆ ಊರ ಚೀಟಿಗೆ ನೋಂದಣಿ ಯಾರು ಮಾಡಿಸ್ತಾರೆ? ನಂಬಿಕೆ ಮೇಲೆ ನಡೆಯೋದು. ನನ್ನ ಮದುವೆ ಆದ ಹೊಸದರಲ್ಲಿ ಗಂಡನಿಗೂ ಹೇಳದೆ ಒಂದು ಚೀಟಿ ಹಾಕ್ತಿದ್ದೆ. ಹದಿನಾಲ್ಕು ತಿಂಗಳು ಕಟ್ಟಿದೆ. ಹದಿನೈದನೇ ತಿಂಗಳು ದುಡ್ಡು ಹಿಡ್ಕೊಂಡು ಹೋದ್ರೆ ಚೀಟಿಯವರ ಮನೆಗೆ ಬೀಗ. ಬಾಗಿಲಲ್ಲಿ ನಮ್ಮಂಥ ಹೆಂಗಸರು ಹತ್ತಾರು ಜನ, ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಂತಿದ್ರು. ಪೊಲೀಸಿಗೆ ಹೋದ್ರೆ ಮನೇಲಿ ಗೊತ್ತಾಯ್ತದೆ ಅಂತ ಎಲ್ರೂ ಬಾಯಿ ಮುಚ್ಕೊಂಡು ವಾಪಸ್ ಬಂದೊ. ಮನೇಲಿ ಕದ್ದು ಉಳಿಸಿದ ದುಡ್ಡಿಗೆ ನ್ಯಾಯ ಕೇಳೋಕೂ ಆಗ್ದು.

ಸಂಘ

ಸಂಘ ಅನ್ನೋದು ನಮ್ಮ ರಾಜ್ಯದಲ್ಲೇ ಬೇರು ಬಿಟ್ಟ ಗಿಡ. ಮೈರಾಡ ಅನ್ನೋ ಸಂಸ್ಥೆ 1968ರಲ್ಲಿ ಟಿಬೆಟ್‌ನಿಂದ ಬಂದ ನಿರಾಶ್ರಿತರಿಗೆ ನೆಲೆ ಮಾಡಿಕೊಡೋಕೆ ಅಂತ ಹುಟ್ಟಿದ್ದು. ಆಮೇಲೆ ಬಡವರ ಊರುಗಳಲ್ಲಿ ಕೆಲಸ ಶುರುಮಾಡ್ತು. 1984-85ರ ಹೊತ್ತಿಗೆ ಅವರು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಮುರಿದು ಬಿದ್ದಾಗ, ಜನ ತಮಗೆ ನಂಬಿಕೆ ಇರೋರನ್ನ ಮಾತ್ರ ಸೇರಿಸ್ಕೊಂಡು ಸಣ್ಣ ಸಣ್ಣ ಗುಂಪಾದ್ರು. ಅದೇ ಸರಿ ಅಂತ ಮೈರಾಡದೋರಿಗೂ ಅನ್ನಿಸ್ತು. 1987ರಲ್ಲಿ ನಬಾರ್ಡ್ ಅವರಿಗೆ 10 ಲಕ್ಷ ರೂಪಾಯಿ ಕೊಟ್ಟು ಮುಂದುವರಿಸಿ ಅಂತು. 1992ರಲ್ಲಿ ಪ್ರಯೋಗಕ್ಕೆ ಅಂತ ದೇಶದಲ್ಲಿ 500 ಗುಂಪಿಗೆ ಬ್ಯಾಂಕ್ ಸಾಲ ಕೊಡಿಸೋ ಕಾರ್ಯಕ್ರಮ ಶುರುವಾಯ್ತು. ಪಹಣಿ ಬ್ಯಾಡ, ಜಾಮೀನು ಬ್ಯಾಡ, ಗುಂಪಿನ ಉಳಿತಾಯ ಮತ್ತೆ ಪುಸ್ತಕ ಸರಿಯಾಗಿದ್ರೆ ಸಾಕು. ಆ ಹೊತ್ತಿಗೆ ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ ಅವರ ಗ್ರಾಮೀಣ ಬ್ಯಾಂಕೂ ಹೆಸರಾಗಿತ್ತು. 1976ರಲ್ಲಿ ಜೋಬ್ರಾ ಅನ್ನೋ ಊರಿನ 42 ಜನಕ್ಕೆ 27 ಡಾಲರ್ ಕೊಟ್ಟು ಶುರುಮಾಡಿದ್ದಂತೆ ಅವರು. ಆದ್ರೆ ಅಲ್ಲಿ ಸಾಲ ಕೊಡೋದು ಬ್ಯಾಂಕು. ನಮ್ಮ ಸಂಘದಲ್ಲಿ ಮೊದಲು ನಮ್ಮ ದುಡ್ಡು ನಮ್ಮೊಳಗೇ ಸುತ್ತೋದು, ಬ್ಯಾಂಕು ಬರೋದು ಆಮೇಲೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿ ಕಡೆ ಶುರುವಾಗಿ ಆಮೇಲೆ ನಮ್ಮ ಕಡೆಗೂ ಬಂತು. ಸರ್ಕಾರದ ಸ್ತ್ರೀಶಕ್ತಿ ಬಂದಿದ್ದು 2000-01ರಲ್ಲಿ. ನಮ್ಮೂರ ಅಂಗನವಾಡಿ ಟೀಚರಮ್ಮ ಮನೆಮನೆಗೂ ಬಂದು ಕರೆದ್ರು. 18 ಜನ ಆದೊ. 20ಕ್ಕಿಂತ ಜಾಸ್ತಿ ಬ್ಯಾಡ ಅಂದ್ರು. ಅದಕ್ಕೆ ಮೀರಿದ್ರೆ ಕಂಪನಿ ಕಾನೂನಲ್ಲಿ ನೋಂದಣಿ ಮಾಡಿಸ್ಬೇಕಾಗ್ತಿತ್ತು. ವಾರಕ್ಕೆ 10 ರೂಪಾಯಿ. ನಾನು ಪಿಯುಸಿ ಓದಿದ್ದೆ ಅಂತ ಪುಸ್ತಕ ನನ್ನ ಕೈಗೆ ಕೊಟ್ರು. ಠರಾವು ಪುಸ್ತಕ, ಉಳಿತಾಯದ ಪುಸ್ತಕ, ಸಾಲದ ಪುಸ್ತಕ. ಜಗಲೀಲಿ ಕೂತಿದ್ದ ಗಂಡಸರು "ಓಹೋ, ರಿಸರ್ವ್ ಬ್ಯಾಂಕ್ ಬಂತು ಕಣ್ರಪ್ಪೋ" ಅಂತ ನಗಾಡಿದ್ರು.

ವಾರಕ್ಕೆ 180, ವರ್ಷಕ್ಕೆ 9,360. ಅದರಲ್ಲೇ ಸಾಲ ಕೊಡ್ತಿದ್ದೊ, ನೂರಕ್ಕೆ ಎರಡು ರೂಪಾಯಿ ಬಡ್ಡಿ. 5,000ಕ್ಕೆ ವರ್ಷಕ್ಕೆ 1,200, ಸಾಹುಕಾರನ 3,000ದ ಮುಂದೆ ಅದು ಅರ್ಧಕ್ಕಿಂತ ಕಮ್ಮಿ. ಆ 1,200ರೂ ಸಾಹುಕಾರನ ಮನೆಗೆ ಹೋಗಲ್ಲ, ನಮ್ಮ ಡಬ್ಬಿಗೇ ಬೀಳ್ತದೆ. ಸರ್ಕಾರದಿಂದ ಸುತ್ತುನಿಧಿ ಅಂತ 5,000 ಬಂತು. ಆಮೇಲೆ ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕ್ ಅಂತ ಮಂಡ್ಯದ್ದೇ ಒಂದು ಬ್ಯಾಂಕಿತ್ತು, 2012ರಲ್ಲಿ ಅದು ಕಾವೇರಿ ಗ್ರಾಮೀಣ ಬ್ಯಾಂಕಿಗೆ ಸೇರ್ಕೊಂತು. ಅಂಥ ಬ್ಯಾಂಕುಗಳು ಸಂಘದ ಉಳಿತಾಯದ ನಾಕು ಪಟ್ಟಿನ ತನಕ ಸಾಲ ಕೊಡ್ತಿದ್ದೊ.

ನಾನು ಹಸು ತಗೊಂಡಿದ್ದು ಹಂಗೆ. ಡೈರಿಗೆ ಹಾಲು ಹಾಕಿದ್ರೆ ಹಾಲು ಗೆಜ್ಜಲಗೆರೆಗೆ ಹೋಯ್ತದೆ, ಬಟವಾಡೆ ದುಡ್ಡು ನಮ್ಮ ಕೈಗೆ ಬತ್ತದೆ. ಕಬ್ಬಿನ ದುಡ್ಡು ಯಜಮಾನರದು, ವರ್ಷಕ್ಕೊಂದ್ಸಲ. ಬಟವಾಡೆ ದುಡ್ಡು ಹೆಂಗಸಿನದು, ಸಂಘದ ಕಂತಿನ ಹೊತ್ತಿಗೆ ಸರಿಯಾಗಿ ಬರೋದು. ರೇಷ್ಮೆ ಇದ್ದೋರಿಗೆ ಎರಡು ತಿಂಗಳಿಗೆ ಒಂದು ಗೂಡು. ಸಂಘ ನಮ್ಮ ಕಡೆ ಉಳ್ಕೊಂಡಿದ್ದು ಹಾಲು, ರೇಷ್ಮೆಯಿಂದ ಅಂತ ನಾನು ತಿಳ್ಕೊಂಡಿದೀನಿ. ವಾರಕ್ಕೆ ಕಟ್ಟೋ ದುಡ್ಡಿಗೆ ಆಗಾಗ ಬರೋ ದುಡ್ಡು ಬೇಕು. ಬರೀ ಕಬ್ಬು ನಂಬಿದ್ದೋರು ಸಂಘ ಕಟ್ಟೋಕೂ ಕೈಗಡ ತತ್ತಿದ್ರು.

ಹೆಬ್ಬೆಟ್ಟು ಒತ್ತುತಿದ್ದ ಐದು ಜನ ನಮ್ಮ ಸಂಘದಲ್ಲಿ ಸೈನ್ ಕಲಿತ್ರು. ಅದರಲ್ಲಿ ಒಬ್ಬ ದೊಡ್ಡವ್ವ ಬ್ಯಾಂಕಲ್ಲಿ ಸೈನ್ ಮಾಡಿ ಬಂದ ದಿನ ಎಲ್ರಿಗೂ ಮದ್ದೂರು ವಡೆ ಕೊಡಿಸಿದ್ಲು.

ಇನ್ನೊಂದು ಹೇಳ್ಬೇಕು. ಒಂದು ರಾತ್ರಿ ನಮ್ಮ ಸಂಘದೋಳ ಸೊಸೆಗೆ ಹೆರಿಗೆ ನೋವು ಜಾಸ್ತಿಯಾಗಿ ಮಂಡ್ಯಕ್ಕೆ ಕರ್ಕೊಂಡು ಹೋಗ್ಬೇಕಾಯ್ತು. ಸಭೆ ಇಲ್ಲ, ಠರಾವಿಲ್ಲ. ಡಬ್ಬಿ ಬೀಗದ ಕೈ ಮೂರು ಜನದ ಹತ್ರ ಇತ್ತು, ಮೂರೂ ಜನ ಎದ್ದು ಬಂದು ತೆಗೆದು ಕೊಟ್ಟೊ. ಅವಳು ಆರು ತಿಂಗಳು ಕಂತು ಕಟ್ಟಲಿಲ್ಲ. ನಾವು ಗೊಣಗಿದ್ದು ನಿಜ, ಆದ್ರೆ ಕಾದೊ. ಪುಸ್ತಕದಲ್ಲಿ "ಕಷ್ಟದಲ್ಲಿದ್ದಾರೆ, ಮುಂದಕ್ಕೆ ಹಾಕಿದೆ" ಅಂತ ನನ್ನ ಕೈಯಾರೆ ಬರೆದೆ. ಏಳನೇ ತಿಂಗಳಿಂದ ಪೂರ್ತಿ ತೀರಿಸಿದ್ಲು.

ಕಂತು

ಆಮೇಲೆ ಬಂದೊ ಕಂಪನಿಗಳು. ಅವನ್ನೂ ಜನ ಸಂಘ ಅಂತಲೇ ಕರೆದ್ರು. ಹೆಂಗಸರ ಗುಂಪು, ವಾರದ ಸಭೆ, ಎಲ್ಲ ಒಂದೇ ತರ ಕಾಣೋದು. ಆದ್ರೆ ಉಳಿತಾಯ ಇಲ್ಲ, ನೇರ ಸಾಲ. ಹೊರಗಿನ ದುಡ್ಡು, ಬಡ್ಡಿ ಹೊರಗೇ ಹೋಗೋದು. ಒಬ್ಬಳು ಕಟ್ಟದೆ ಇದ್ರೆ ಉಳಿದೋರು ಕಟ್ಬೇಕು.

ಅವರನ್ನ ಬರೀ ಬೈಯೋಕೆ ನನ್ನ ಮನಸ್ಸು ಒಪ್ಪಲ್ಲ. ಬ್ಯಾಂಕಿನೋರು ಆರು ಸಲ ತಿರುಗಿಸೋ ಕಡೆ ಇವರು ಬಾಗಿಲಿಗೆ ಬಂದು ಕೊಟ್ರು. ನನ್ನ ಮಗಳ ಕಾಲೇಜು ಫೀಸಿಗೆ ನಾನೂ ಒಂದು ಕಂಪನಿ ಗುಂಪಿಗೆ ಸೇರಿದ್ದೆ. ಆ ದುಡ್ಡಲ್ಲೇ ಅವಳು ಓದಿದ್ದು.

ನಮ್ಮ ಗುಂಪಲ್ಲಿ ಪಕ್ಕದ ಹಟ್ಟಿಯೋಳು ಒಬ್ಬಳಿದ್ಲು. ಅವಳ ಗಂಡ ಗಾಡಿಯಿಂದ ಬಿದ್ದು ಕಾಲು ಮುರ್ಕೊಂಡ. ಕಬ್ಬಿನ ಬಿಲ್ಲೂ ಬಂದಿರಲಿಲ್ಲ. ಮೂರು ವಾರ ಕಂತು ಕಟ್ಟಲಿಲ್ಲ. ಎರಡು ವಾರ ನಾವೇ ಹಾಕ್ಕೊಂಡು ಕಟ್ಟಿದ್ದೊ. ಮೂರನೇ ವಾರ ಕಂಪನಿ ಹುಡುಗ "ಇವತ್ತು ಪೂರ್ತಿ ಆಗದೆ ಯಾರೂ ಏಳಂಗಿಲ್ಲ" ಅಂದ. ನಾವು ನಾಕು ಜನ ಎದ್ದು ಹೋಗಿ ಅವಳ ಬಾಗಿಲಲ್ಲಿ ಕೂತೊ. ಒತ್ತಾರೆ ಹತ್ತು ಗಂಟೆಯಿಂದ ಬೈಗಾಗೋವರೆಗೂ. ಆ ಹುಡುಗ ಬೈಕಿನ ಮೇಲೆ ಕೂತು ಮೊಬೈಲ್ ನೋಡ್ತಿದ್ದ, ಒಂದು ಮಾತೂ ಆಡಲಿಲ್ಲ. ಆಡಬಾರದ್ದನ್ನೆಲ್ಲ ಆಡಿದ್ದು ನಾವು. "ತಿನ್ನೋಕೆ ಆಯ್ತದೆ, ಕಟ್ಟೋಕೆ ಆಗಲ್ವಾ?" ಅಂದೋಳು ನಾನೇ. ಅವಳ ಮಕ್ಕಳು ಸ್ಕೂಲಿಂದ ಬಂದು ನಮ್ಮನ್ನ ದಾಟ್ಕೊಂಡು ಒಳಗೆ ಹೋದೊ. ಕೊನೆಗೆ ಅವಳು ತಾಳಿಯ ಚಿನ್ನದ ಗುಂಡು ಬಿಚ್ಚಿ ಗಿರವಿ ಇಡಿಸಿ ದುಡ್ಡು ತಂದು ಕೊಟ್ಲು.

ಆಮೇಲೆ ಅವರು ಮನೆಗೆ ಬೀಗ ಹಾಕ್ಕೊಂಡು ಬೆಂಗಳೂರು ಸೇರಿದ್ರು. ಅವಳು ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಹಬ್ಬಕ್ಕೆ ಊರಿಗೆ ಬಂದಾಗ ನಮ್ಮ ಹಟ್ಟಿ ಮುಂದೆ ಮುಖ ತಿರುಗಿಸ್ಕೊಂಡು ಹೋಗ್ತಾಳೆ. ಒಂದ್ಸಲ ನಾನೇ ಎದುರಿಗೆ ನಿಂತು "ತಪ್ಪಾಯ್ತು ಕಣವ್ವ" ಅಂದೆ. "ಬುಡಿ ಅಕ್ಕ, ಆಗೋಯ್ತು" ಅಂದ್ಲು, ನಿಲ್ಲಲಿಲ್ಲ.

ಅದೇ ನಾನು, ಡಬ್ಬಿ ತೆಗೆದು ಕೊಟ್ಟು ಆರು ತಿಂಗಳು ಕಾದೋಳು; ಇಲ್ಲಿ ಮೂರು ವಾರ ಕಾಯಲಿಲ್ಲ. ಯಾಕೆ ಅಂತ ಬಹಳ ಯೋಚನೆ ಮಾಡಿದೀನಿ. ಸಂಘದ ದುಡ್ಡು ನಮ್ಮದು, ಕಾಯೋ ಅಧಿಕಾರ ನಮಗಿತ್ತು. ಕಂಪನಿ ದುಡ್ಡಲ್ಲಿ ವಸೂಲಿ ಮಾಡೋ ಕೆಲಸ ನಮ್ಮದು, ಕಾಯೋ ಅಧಿಕಾರ ಇನ್ನೆಲ್ಲೋ ಕೂತಿರೋರದು. ಮುಯ್ಯಿ ಕಾಲದಿಂದ ಒಬ್ಬರಿಗೊಬ್ಬರು ಇಟ್ಕೊಂಡು ಬಂದಿದ್ದ ಮರ್ಯಾದೇನೇ ಅವರು ಅಡವು ಇಸ್ಕೊಂಡಿದ್ರು. ನನ್ನ ಬಾಯಿ ನನ್ನದೇ, ಆ ತಪ್ಪು ನಾನು ಬೇರೆಯೋರ ಮೇಲೆ ಹಾಕಲ್ಲ. ಆದ್ರೆ ಆ ಬಾಯಿ ಯಾರ ಕೆಲಸ ಮಾಡ್ತು ಅನ್ನೋದು ಆವತ್ತು ತಿಳೀಲಿಲ್ಲ.

ನಮ್ಮೊಬ್ಬರ ಊರಿನ ಕತೆ ಅಲ್ಲ ಇದು. 2010ರಲ್ಲಿ ಆಂಧ್ರದಲ್ಲಿ ಸಾಲದ ಕಾಟಕ್ಕೆ ಜನ ಸತ್ತು, ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂತು. 2015ರಲ್ಲಿ ನಮ್ಮ ಜಿಲ್ಲೇಲೇ ಕಬ್ಬು ಬೆಳೆದ ರೈತರು ಸಾಲದಲ್ಲಿ ಜೀವ ಕಳ್ಕೊಂಡ್ರು. 2022ರಲ್ಲಿ ರಿಸರ್ವ್ ಬ್ಯಾಂಕು, ಒಂದು ಮನೆ ಕಟ್ಟೋ ಕಂತೆಲ್ಲ ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು ಅಂತ ನಿಯಮ ಮಾಡ್ತು. ಆದ್ರೂ 2025ರ ಜನವರೀಲಿ ಮೈಕ್ರೋಫೈನಾನ್ಸ್ ಸಾಲಕ್ಕೆ ಜೀವ ಕಳ್ಕೊಂಡ ಸುದ್ದಿ ನಮ್ಮ ಮಳವಳ್ಳಿ ತಾಲ್ಲೂಕಿಂದಲೇ ಬಂತು. ಪೇಪರ್ ಓದಿ ನಂಗೆ ಆ ದಿನ ಊಟ ಸೇರಲಿಲ್ಲ. ಆ ಫೆಬ್ರವರೀಲಿ ನಮ್ಮ ಸರ್ಕಾರವೂ ಸುಗ್ರೀವಾಜ್ಞೆ ತಂತು. ಸಾಲ ವಸೂಲಿಗೆ ಬಲವಂತ ಮಾಡಿದ್ರೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಅಂತ. ಒಳ್ಳೇದೇ. ಆದ್ರೆ ನೆರೆಯೋಳೇ ಬಾಗಿಲಲ್ಲಿ ಕೂತ್ರೆ ಕಾನೂನು ಯಾರನ್ನ ಹಿಡೀತದೆ?

ನಾನು ಏನು ಹೇಳ್ದೆ

ಮಾರನೆ ದಿನ ಅಣ್ಣನ ಮಗಳಿಗೆ ಫೋನ್ ಮಾಡ್ದೆ. ಹಾಕು ಅಂತಲೂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಮೂರು ಮಾತು ಕೇಳ್ಕೊಂಡು ಬಾ ಅಂದೆ. ಬಡ್ಡಿ ಯಾರ ಡಬ್ಬಿಗೆ ಬೀಳ್ತದೆ? ಒಬ್ಬಳಿಗೆ ಕಷ್ಟ ಬಂದ್ರೆ ಕಾಯೋಣ ಅಂತ ಹೇಳೋ ಅಧಿಕಾರ ನಿಮ್ಮ ಐದು ಜನಕ್ಕೆ ಅದೆಯಾ? ಆ ನಾಕು ಜನದಲ್ಲಿ ಯಾರಿಗೆ ಈಗಾಗಲೇ ಎಷ್ಟು ಕಂತು ಅದೆ ಅಂತ ನಿಂಗೆ ಗೊತ್ತಾ?

ಎರಡು ದಿನ ಬಿಟ್ಟು ಅವಳೇ ಮಾಡಿದ್ಲು. ಆ ನಾಕು ಜನದಲ್ಲಿ ಒಬ್ಬಳಿಗೆ ಆಗಲೇ ಮೂರು ಕಡೆ ಕಂತು ಇತ್ತಂತೆ, ಇದು ಅದನ್ನ ಮುಚ್ಚೋಕೆ ಅಂತೆ. "ನಾನು ಸೈನ್ ಹಾಕಲಿಲ್ಲ ಅತ್ತೆ" ಅಂದ್ಲು. ಬೇಜಾರು ಮಾಡ್ಕೊಂಡವ್ರೆ ಅಂತಲೂ ಹೇಳಿದ್ಲು.

"ಹಂಗಂತ ಸುಮ್ನೆ ಕೂರಬ್ಯಾಡ" ಅಂದೆ. ಕಂತಿನೋಳನ್ನೂ ಸೇರಿಸ್ಕೊಂಡು ವಾರಕ್ಕೆ 50 ರೂಪಾಯಿನದೊಂದು ಸಂಘ ಶುರುಮಾಡಿ, ಸಂಜೀವಿನಿಯೋರನ್ನ ಪಂಚಾಯ್ತೀಲಿ ಕೇಳಿ ಅಂದೆ. ಪುಸ್ತಕ ಬರೆಯೋದು ಹೆಂಗೆ ಅಂತ ಗೊತ್ತಿಲ್ಲ ಅಂದ್ಲು. ಬರೋ ಭಾನುವಾರ ನಮ್ಮ ಹಳೇ ಠರಾವು ಪುಸ್ತಕ ಬ್ಯಾಗಿಗೆ ಹಾಕ್ಕೊಂಡು ಮಳವಳ್ಳಿ ಬಸ್ಸು ಹತ್ತೋದು ಅಂತ ಮಾಡಿದೀನಿ. "ಕಷ್ಟದಲ್ಲಿದ್ದಾರೆ, ಮುಂದಕ್ಕೆ ಹಾಕಿದೆ" ಅಂತ ಬರೆದ ಹಾಳೇನೇ ಅವಳಿಗೆ ಮೊದಲು ತೋರಿಸ್ಬೇಕು.